ಎದುರಿನವರಿಗೆ ಎಡೆ

ನಮ್ಮ ಕಡೆ ಪತ್ತನಾಜೆ ಕಳೆಯಿತೆಂದರೆ ಯಕ್ಷಗಾನದ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಮಳೆಯೋ ಮಳೆ. ಆಟಿ ತಿಂಗಳಲ್ಲಿ ಬಯಲಿನಲ್ಲಿ ಆಟ ಆಡುವಂತಿಲ್ಲ. ಆಟದ ಹುಚ್ಚು ಹಿಡಿದವರಿಗೆ ಸುಮ್ಮನೆ ಕೂರುವುದೂ ಆಗುವುದಿಲ್ಲ. ಹಾಗಾಗಿ ಯಾರದೋ ಮನೆಯ ಚಾವಡಿಯಲ್ಲೋ ದೇವಸ್ಥಾನದ ಅಂಗಳದ ಚಪ್ಪರದಲ್ಲೋ ಕೂಟ ಶುರುವಾಗುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಚೆಂಡೆ ಮದ್ದಳೆ ನುಡಿಯುತ್ತವೆ, ಎರಡು ಬದಿಗೆ ಎದುರು ಬದುರು ಕೂತವರು ಪಾತ್ರವಾಗಿ ಮಾತಾಡುತ್ತಾರೆ. ಅದೇ ತಾಳಮದ್ದಳೆ. ಪದ್ಯ ಪುಸ್ತಕದಲ್ಲಿದೆ, ಮಾತು ಯಾವ ಪುಸ್ತಕದಲ್ಲೂ ಇಲ್ಲ. ಆ ಕ್ಷಣಕ್ಕೆ ಹುಟ್ಟಿದ್ದು, ಆ ಕ್ಷಣಕ್ಕೆ ಹೇಳಿದ್ದು.

ನನ್ನ ತವರು ಬೆಳ್ತಂಗಡಿ ತಾಲೂಕಿನ ವೇಣೂರಿನ ಹತ್ತಿರ. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ವರ್ಷಕ್ಕೊಂದು ಕೂಟ ಇರುತ್ತಿತ್ತು. ಹೆಂಗಸರು ಚಾವಡಿಗೆ ಬರುವ ಕ್ರಮವಿರಲಿಲ್ಲ. ಒಳಗೆ ಅಮ್ಮ, ಚಿಕ್ಕಮ್ಮಂದಿರು ಪತ್ರೊಡೆ ಬೇಯಿಸುತ್ತಾ, ಅರ್ಧ ಕಿವಿಯನ್ನು ಹೊರಗಿಟ್ಟುಕೊಂಡು ಕೇಳುತ್ತಿದ್ದರು. ನಾವು ಹುಡುಗಿಯರು ಕಿಟಕಿಯ ಸರಳಿಗೆ ಕೆನ್ನೆ ಒತ್ತಿ ನಿಂತು ಕೇಳುತ್ತಿದ್ದೆವು. ಬೆಳಿಗ್ಗೆ ಕಾಫಿ ಹೊತ್ತಿಗೆ ಗಂಡಸರಲ್ಲಿ ಚರ್ಚೆ: ನಿನ್ನೆ ಯಾರು ಗೆದ್ದದ್ದು? ಅಜ್ಜ ಮಾತ್ರ ಆ ಚರ್ಚೆಗೆ ಸೇರುತ್ತಿರಲಿಲ್ಲ. ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ: “ಅವ ಎದುರಿನವನಿಗೆ ಎಡೆ ಕೊಟ್ಟನೋ ಇಲ್ಲವೋ?”

ಆಗ ನನಗೆ ಅದು ಅರ್ಥವಾಗಿರಲಿಲ್ಲ. ಜಗಳದಲ್ಲಿ ಎದುರಿನವರಿಗೆ ಎಡೆ ಯಾಕೆ ಕೊಡಬೇಕು? ಅರುವತ್ತು ದಾಟಿದ ಮೇಲೆ, ಅದೂ ಒಂದು ದೊಡ್ಡ ತಪ್ಪು ಮಾಡಿದ ಮೇಲೆ, ಅರ್ಥವಾಯಿತು. ಆ ತಪ್ಪನ್ನು ಹೇಳಿಕೊಳ್ಳಲಿಕ್ಕೇ ಈ ನಾಲ್ಕು ಮಾತು.

ಕಿಟಕಿಯ ಆಚೆಗಿದ್ದವರು ಈಚೆ ಬಂದದ್ದು ನಮ್ಮ ಕಣ್ಣೆದುರಿನ ಕತೆ. ಗಂಡಸರೇ ತುಂಬಿದ್ದ ವೃತ್ತಿಮೇಳಗಳಲ್ಲಿ ಜಾಗಟೆ ಹಿಡಿದು ಭಾಗವತಿಕೆ ಮಾಡಿ ತೋರಿಸಿದವರು ಲೀಲಾವತಿ ಬೈಪಾಡಿತ್ತಾಯರು. 2024ರಲ್ಲಿ ಅವರು ತೀರಿಕೊಂಡ ಸುದ್ದಿ ಕೇಳಿದಾಗ ನಮ್ಮ ಬಳಗದವರೆಲ್ಲ ಮನೆಯ ಹಿರಿಯಕ್ಕ ಹೋದ ಹಾಗೆ ಅತ್ತೆವು. ಅಂಥವರ ಧೈರ್ಯವೇ ನಮ್ಮಂಥವರಿಗೂ ಧೈರ್ಯ. ನಾನು ಮದುವೆಯಾಗಿ ಬಂದದ್ದು ಬಂಟ್ವಾಳಕ್ಕೆ. ಶಾಲೆಯ ಕೆಲಸದಿಂದ ನಿವೃತ್ತಿಯಾದ ಮೇಲೆ ಇಲ್ಲಿಯ ಮಹಿಳೆಯರ ತಾಳಮದ್ದಳೆ ಬಳಗವೊಂದಕ್ಕೆ ಸೇರಿದೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾಲಿಗೆ, ಮಾತಿಗೇನು ಬರವಿರಲಿಲ್ಲ.

ಕೂಟಕ್ಕೆ ಕೆಲವು ಮರ್ಯಾದೆಗಳಿವೆ. ಯಾರೂ ಬರೆದಿಟ್ಟದ್ದಲ್ಲ, ಕೂತು ಕೂತು ಕಲಿತದ್ದು. ಪದ್ಯದಲ್ಲಿ ಹೇಳಿದ್ದನ್ನು ಎಷ್ಟು ಬೇಕಾದರೂ ವಿಸ್ತರಿಸಬಹುದು; ಆದರೆ ಕೊನೆಗೆ ಮುಂದಿನ ಪದ್ಯಕ್ಕೆ ದಾರಿ ಬಿಟ್ಟು ನಿಲ್ಲಿಸಬೇಕು. ಮುಂದೆ ಬರುವ ಕತೆಯನ್ನು ಈಗಲೇ ಹೇಳಬಾರದು. ಎದುರಿನವರು ಹೇಳಬೇಕಾದ ಮಾತನ್ನು ನಾವೇ ಹೇಳಿ ಮುಗಿಸಬಾರದು. ಅವರು ಮಾತಾಡುವಾಗ ನಡುವೆ ಬಾಯಿ ಹಾಕುವುದಾದರೆ ಅವರ ಮಾತು ಬೆಳೆಯುವ ಹಾಗೆ ಹಾಕಬೇಕು, ಮುರಿಯುವ ಹಾಗಲ್ಲ. ಭಾಗವತರು ಜಾಗಟೆ ಎತ್ತಿಕೊಂಡರೆ, ನಾಲಿಗೆಯ ತುದಿಯಲ್ಲಿ ಎಂಥ ಒಳ್ಳೆಯ ಮಾತಿದ್ದರೂ ನುಂಗಿಕೊಳ್ಳಬೇಕು.

ಇದರಲ್ಲೊಂದು ವಿಚಿತ್ರವಿದೆ. ಗೆಲ್ಲುವವರು ಯಾರೆಂದು ಕೂಟ ಶುರುವಾಗುವ ಮೊದಲೇ ತೀರ್ಮಾನವಾಗಿರುತ್ತದೆ! ವಾಲಿವಧೆಯನ್ನೇ ನೋಡಿ. ಬಾಣ ತಾಗಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ರಾಮನನ್ನು ಕೇಳುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ನಾನು ಕ್ಯಾಸೆಟ್ಟಿನಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೇಳುತ್ತಾ ಕೇಳುತ್ತಾ ರಾಮನಿಗೆ ಇನ್ನು ಉತ್ತರವೇ ಇಲ್ಲ ಅನಿಸಿಬಿಡುತ್ತದೆ. ಆದರೂ ಕೊನೆಯಲ್ಲಿ ವಾಲಿ ಅಂಗದನನ್ನು ಒಪ್ಪಿಸಿ ಕೈಮುಗಿಯಲೇಬೇಕು; ಪ್ರಸಂಗ ಇರುವುದೇ ಹಾಗೆ. ಹಾಗಾದರೆ ಅಷ್ಟು ಹೊತ್ತು ವಾದ ಮಾಡಿದ್ದು ಯಾಕೆ? ಗೆಲ್ಲಲಿಕ್ಕಲ್ಲ ಎಂದಾಯಿತು. ಒಂದು ಪ್ರಶ್ನೆಯನ್ನು ಇಬ್ಬರೂ ಸೇರಿ ಆಚೆ ಈಚೆ ತಿರುಗಿಸಿ ನೋಡಲಿಕ್ಕೆ. ವಾಲಿ ಗಟ್ಟಿಯಾಗಿ ಕೇಳದಿದ್ದರೆ ರಾಮನ ಉತ್ತರಕ್ಕೂ ತೂಕವಿಲ್ಲ.

ನಮ್ಮ ಹಿರಿಯರು ಇದನ್ನು ಚೆನ್ನಾಗಿ ಬಲ್ಲವರು. ನ್ಯಾಯಶಾಸ್ತ್ರದವರು ಮಾತಿನ ಕಾಳಗವನ್ನು ಮೂರು ಮಾಡಿದರು: ನಿಜ ತಿಳಿಯಲಿಕ್ಕೆ ಆಡುವುದು ವಾದ, ಗೆಲ್ಲಲಿಕ್ಕೆ ಆಡುವುದು ಜಲ್ಪ, ತನ್ನದೇನನ್ನೂ ಹೇಳದೆ ಎದುರಿನವರದನ್ನು ಕೆಡವುವುದು ವಿತಂಡ. ವೈದ್ಯರಿಗಾಗಿ ಬರೆದ ಚರಕಸಂಹಿತೆಯಲ್ಲೂ ಎರಡು ಬಗೆಯ ಸಂಭಾಷಣೆ ಹೇಳಿದೆ, ಸ್ನೇಹದಿಂದ ಕೂಡಿ ಆಡುವುದು ಮತ್ತು ಹಗೆಯಿಂದ ಆಡುವುದು. ಮೂರರಲ್ಲಿ ವಿತಂಡವಾದ ಎಂಬ ಶಬ್ದವೊಂದೇ ಮನೆಮನೆಯ ಮಾತಾಗಿ ಉಳಿದದ್ದು ಯಾಕೆಂದು ನೀವೇ ಯೋಚಿಸಿ.

ಇಷ್ಟೆಲ್ಲ ತಿಳಿದವಳು ನಾನು. ತಿಳಿದೇ ಎಡವಿದೆ.

2019ರ ಆಟಿ. ಬಂಟ್ವಾಳದ ಹತ್ತಿರ ಒಂದು ಮನೆಯಲ್ಲಿ ಕೂಟ. ಪ್ರಸಂಗ ಭೀಷ್ಮವಿಜಯ. ನನ್ನದು ಭೀಷ್ಮ, ಅಂಬೆ ನನ್ನ ಗೆಳತಿಯದು. ಅವಳು ಬೆಳ್ತಂಗಡಿಯಿಂದ ಬರುತ್ತಿದ್ದಳು. ಮದುವೆಯಾದ ಮನೆಯಲ್ಲಿ ಬಾಳಲಾಗದೆ ಬಹಳ ವರ್ಷದ ಹಿಂದೆ ತವರಿಗೆ ಮರಳಿದವಳು, ಅಣ್ಣನ ಮನೆಯ ಮಾಳಿಗೆಯ ಕೋಣೆಯಲ್ಲಿ ಇದ್ದಳು. ಇದು ಬಳಗದಲ್ಲಿ ಕೆಲವರಿಗೆ ಗೊತ್ತಿತ್ತು. ನನಗಂತೂ ಅವಳೇ ಒಂದು ದಿನ ಬಸ್ಸಿಗೆ ಕಾಯುತ್ತಾ ಹೇಳಿದ್ದಳು.

ಆ ದಿನ ಅವಳ ಮಾತು ಹೊಳೆಯ ನೆರೆಯ ಹಾಗೆ ಬಂತು. ಸಾಲ್ವ ಬೇಡವೆಂದ ಮೇಲೆ ಹಿಂದೆ ಬಂದ ಅಂಬೆ ಭೀಷ್ಮನನ್ನು ಕೇಳಿದಳು: “ನನ್ನ ಕೈ ಹಿಡಿದು ರಥಕ್ಕೆ ಏರಿಸುವಾಗ ನಿನ್ನ ಪ್ರತಿಜ್ಞೆ ಎಲ್ಲಿತ್ತು? ಹೆಣ್ಣನ್ನು ತರಲಿಕ್ಕೆ ಅಡ್ಡಬಾರದ ವ್ರತ, ತಂದವಳ ಹೊಣೆ ಹೊರಲಿಕ್ಕೆ ಮಾತ್ರ ಅಡ್ಡ ಬರುವುದೋ?” ಜನ ಚಪ್ಪಾಳೆ ತಟ್ಟಿದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಇರಲಿಲ್ಲ ಎಂದರೆ ಸುಳ್ಳು. ಪ್ರತಿಜ್ಞೆಯ ಬಗ್ಗೆ, ತಂದೆಗಾಗಿ ಕೊಟ್ಟ ಮಾತಿನ ಬಗ್ಗೆ ಹೇಳಲಿಕ್ಕೆ ಬೇಕಾದಷ್ಟಿತ್ತು. ಅದರಿಂದ ಚಪ್ಪಾಳೆ ಬರುವ ಹಾಗಿರಲಿಲ್ಲ, ಅಷ್ಟೇ. ನಾನೆಂದೆ: “ಎರಡು ಹೊಸಿಲು ದಾಟಿ ಬಂದವಳಿಗೆ ಮೂರನೆಯ ಹೊಸಿಲು ತೋರಿಸುವುದು ನನ್ನ ಕೆಲಸವೇ? ತವರಿನ ಮಾಳಿಗೆಯಲ್ಲಿ ಒಂದು ಮೂಲೆ ಇದ್ದೇ ಇದೆಯಲ್ಲ, ಹೋಗು!”

ಜನ ನಕ್ಕರು. ನಗದವರು ಮೂರು ನಾಲ್ಕು ಮಂದಿ, ಗೊತ್ತಿದ್ದವರು. ಅವಳು ಒಂದು ಗಳಿಗೆ ಸುಮ್ಮನಿದ್ದಳು. ಆಮೇಲೆ ಪದ್ಯದಲ್ಲಿದ್ದಷ್ಟೇ ಅರ್ಥ ಹೇಳಿ, ಪರಶುರಾಮರಲ್ಲಿಗೆ ಹೋಗುತ್ತೇನೆಂದು ಮುಗಿಸಿದಳು. ಕೂಟ ಕೆಡಿಸಲಿಲ್ಲ. ಎಲ್ಲರೊಟ್ಟಿಗೆ ಊಟ ಮಾಡಿ, ಕೊಡೆ ಬಿಡಿಸಿ ಹೋದಳು. ಮುಂದಿನ ಕೂಟಕ್ಕೆ ಬರಲಿಲ್ಲ. ಅದರ ಮುಂದಿನದ್ದಕ್ಕೂ ಬರಲಿಲ್ಲ.

ಮನಸ್ಸು ಎಷ್ಟು ಒಳ್ಳೆಯ ವಕೀಲ ನೋಡಿ. ನಾನು ಹೇಳಿದ್ದೇ, ಭೀಷ್ಮ ಹೇಳಿದ್ದು ಎಂದಿತು. ಕೂಟದಲ್ಲಿ ಆಡಿದ ಮಾತನ್ನು ಮನೆಗೆ ಕೊಂಡುಹೋಗಬಾರದೆಂಬ ಮರ್ಯಾದೆಯನ್ನು ಅವಳೇ ಮುರಿದಳು ಎಂದೂ ಹೇಳಿತು. ಮರುವರ್ಷ, 2020ರಲ್ಲಿ, ಕೊರೊನಾ ಬಂತು. ನಮ್ಮ ಕೂಟಗಳು ನಿಂತವು. ಎರಡು ಆಟಿ ಹಾಗೇ ಕಳೆಯಿತು. ಊರಿಗೆಲ್ಲ ಕಷ್ಟವಾದದ್ದು ನನಗೊಂದು ನೆಪವಾಯಿತೆಂದು ಹೇಳಲಿಕ್ಕೆ ನಾಚಿಕೆಯಾಗುತ್ತದೆ.

ಮಗಳನ್ನು ಕೊಟ್ಟದ್ದು ಮೂಡಬಿದಿರೆಗೆ. 2022ರಲ್ಲಿ ಅಲ್ಲಿಗೆ ಹೋದಾಗ ಒಂದು ಸಂಜೆ ಅವರ ನೆರೆಮನೆಯ ಹಿರಿಯರೊಬ್ಬರು, ಜೈನ ಹೆಂಗಸು, ನನ್ನನ್ನು ಸಾವಿರ ಕಂಬದ ಬಸದಿಗೆ ಕರೆದುಕೊಂಡು ಹೋದರು. 1430ರಲ್ಲಿ ಕಟ್ಟಿದ ಬಸದಿ ಅದು. ಒಂದು ಕಂಬದ ಹಾಗೆ ಇನ್ನೊಂದಿಲ್ಲ ಎನ್ನುತ್ತಾರೆ. ನಾನು ಐದಾರು ಕಂಬ ನೋಡುವಷ್ಟರಲ್ಲಿ ಮೊಣಕಾಲು ನೋಯತೊಡಗಿ ಕೂತುಬಿಟ್ಟೆ. ಮಾತಿಗೆ ಮಾತು ಬಂದು ಅವರು ತಮ್ಮ ಸ್ಯಾದ್ವಾದದ ವಿಷಯ ಹೇಳಿದರು. ‘ಸ್ಯಾತ್’ ಎಂದರೆ ‘ಇದ್ದರೂ ಇರಬಹುದು’ ಎಂಬ ಅನುಮಾನವಲ್ಲ, ‘ಒಂದು ದೃಷ್ಟಿಯಿಂದ ಇದು ಹೌದು’ ಎಂಬ ನಿಶ್ಚಯ ಎಂದರು. ನನಗೆ ಒಳಗೇ ಖುಷಿಯಾಯಿತು. “ಹಾಗಾದರೆ ಒಂದು ದೃಷ್ಟಿಯಿಂದ ನಾನು ಮಾಡಿದ್ದೂ ಸರಿ ಎನ್ನಬಹುದಲ್ಲ?” ಎಂದು ನನ್ನ ಕತೆಯನ್ನು ಹೇಳಿದೆ. ಅವರು ನಕ್ಕು, “ಅನ್ನಬಹುದು. ಆದರೆ ಆ ದೃಷ್ಟಿ ಭೀಷ್ಮನದ್ದೋ ನಿಮ್ಮದೋ, ಅದನ್ನು ಮೊದಲು ನೋಡಿಕೊಳ್ಳಿ” ಎಂದರು.

ರಾತ್ರಿ ನಿದ್ದೆ ಬರಲಿಲ್ಲ. ನನ್ನನ್ನೇ ಒಂದು ಪ್ರಶ್ನೆ ಕೇಳಿಕೊಂಡೆ. ಆ ದಿನ ಅಂಬೆಯಾಗಿ ಬೇರೆ ಯಾರಾದರೂ ಕೂತಿದ್ದರೆ ಆ ಮಾತು ಬರುತ್ತಿತ್ತೇ? ಬರುತ್ತಿರಲಿಲ್ಲ. ಕಾಶೀರಾಜನ ಅರಮನೆಯ ಮಾಳಿಗೆಯ ಮೂಲೆ ಯಾವ ಪದ್ಯದಲ್ಲಿದೆ? ಆ ಮಾಳಿಗೆ ಭೀಷ್ಮನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ನಂಬಿ ಹೇಳಿದ್ದನ್ನು ನಾನು ಭೀಷ್ಮನ ಬಾಯಿಗೆ ಇಟ್ಟೆ. ಮತ್ತೆ ವಕೀಲನಿಗೆ ಮಾತು ಉಳಿಯಲಿಲ್ಲ.

ಹಾಗೆಂದು ಹರಿತವಾಗಿ ಆಡಲೇಬಾರದೇ? ಹಾಗಲ್ಲ. ಅವಳ ಮಾತು ನನ್ನದಕ್ಕಿಂತ ಹರಿತವಾಗಿತ್ತು. ಆದರೆ ಅದು ತಾಗಿದ್ದು ಭೀಷ್ಮ ಮಾಡಿದ ಕೆಲಸಕ್ಕೆ, ಮತ್ತು ಅದಕ್ಕೆ ಭೀಷ್ಮನಾಗಿ ಉತ್ತರ ಹೇಳಲಿಕ್ಕೆ ನನಗೆ ಎಡೆಯಿತ್ತು. ನನ್ನ ಮಾತು ತಾಗಿದ್ದು ಅಂಬೆಗಲ್ಲ.

ಮರುದಿನ ಮೂಡಬಿದಿರೆಯಿಂದ ಬಂಟ್ವಾಳಕ್ಕೆ ಬರಲಿಲ್ಲ, ವೇಣೂರಿನ ದಾರಿಯಾಗಿ ನೇರ ಬೆಳ್ತಂಗಡಿಗೆ ಹೋದೆ. ಮಾಳಿಗೆಯ ಮೆಟ್ಟಿಲು ಹತ್ತುವಾಗ ಕಾಲು ಭಾರವಾಗಿತ್ತು. ಅವಳು ಎಂದಿನ ಹಾಗೆ ಕೂರಿಸಿ, ಬೆಲ್ಲ ನೀರು ಕೊಟ್ಟಳು. ನಾನು ತಪ್ಪಾಯಿತೆಂದೆ. ಪಾತ್ರದ ನೆಪ ಹೇಳಲಿಲ್ಲ. ಅವಳು ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿದಳು.

“ನೋವಾದದ್ದು ಹೌದು ಅಕ್ಕ. ಆದರೆ ನೋವಿಗಿಂತ ಹೆಚ್ಚು, ಆಚೆಗೂ ಈಚೆಗೂ ಇಲ್ಲದ ಹಾಗಾಯಿತು. ಉತ್ತರ ಹೇಳಿದರೆ ನನ್ನ ಮನೆಯ ಕತೆ ಅಷ್ಟು ಜನರ ಎದುರು ಬೀಳುತ್ತದೆ. ಹೇಳದಿದ್ದರೆ ಅಂಬೆ ಸೋಲುತ್ತಾಳೆ. ನನ್ನ ಸೋಲು ನನಗೆ ಅಭ್ಯಾಸವಾಗಿದೆ. ಅಂಬೆ ಪಾಪ, ಅವಳದ್ದು ನ್ಯಾಯದ ಮಾತಾಗಿತ್ತು.”

ಅಜ್ಜ ಹೇಳಿದ ಎಡೆ ಯಾವುದೆಂದು ಆಗ ನನಗೆ ಗೊತ್ತಾಯಿತು. ಎಡೆ ಕೊಡುವುದೆಂದರೆ ಬಿಟ್ಟುಕೊಡುವುದಲ್ಲ, ಮೆತ್ತಗೆ ಮಾತಾಡುವುದೂ ಅಲ್ಲ. ಎದುರಿನವರು ತಾವು ಕೂತ ಜಾಗದಲ್ಲೇ ಕೂತು, ತಮ್ಮ ಮಾನವನ್ನು ಒತ್ತೆಯಿಡದೆ ಉತ್ತರ ಹೇಳುವಂಥ ಮಾತನ್ನು ಮಾತ್ರ ಆಡುವುದು. ಇದು ಕೂಟಕ್ಕೆ ಮಾತ್ರವೇ? ಅತ್ತೆ ಸೊಸೆಗೆ, ಸೊಸೆ ಅತ್ತೆಗೆ ಅಡುಗೆಯ ಮಾತಿನ ನಡುವೆ ತವರಿನ ಮಾತು ತೆಗೆಯುವುದು, ಗಂಡಹೆಂಡಿರ ಜಗಳದಲ್ಲಿ ಹತ್ತು ವರ್ಷದ ಹಿಂದೆ ನಂಬಿ ಹೇಳಿದ ಗುಟ್ಟು ಹೊರಗೆ ಬರುವುದು, ಎಲ್ಲವೂ ಅದೇ ಜಾತಿಯವು. ಉತ್ತರ ಬರಲಿಲ್ಲವೆಂದು ನಾವು ಗೆದ್ದೆವೆಂದುಕೊಳ್ಳುತ್ತೇವೆ. ಉತ್ತರ ಬರದ್ದು ನಮ್ಮ ಮಾತು ಸರಿಯಾದ್ದರಿಂದಲ್ಲ, ಅವರಿಗೆ ಮಾನ ಇದ್ದುದರಿಂದ.

ಹೊರಡುವಾಗ ಅವಳು, “ಈ ಆಟಿಯಲ್ಲಿ ಕೂಟ ಉಂಟಾ?” ಎಂದಳು. ಉಂಟೆಂದೆ. “ಭೀಷ್ಮವಿಜಯವೇ ಇಡಿ. ನೀವು ಅಂಬೆ ಹೇಳಿ, ನಾನು ಭೀಷ್ಮ.”

ಆ ದಿನ ಅಂಬೆಯಾಗಿ ಕೂತ ನನಗೆ ಎದೆ ಡವಡವ. ನನ್ನ ಮನೆಯ ಕತೆಯೂ ಅವಳಿಗೆ ಗೊತ್ತು. ಹೊರದೇಶದಲ್ಲಿರುವ ಮಗ ಎಷ್ಟು ತಿಂಗಳಿಗೊಮ್ಮೆ ಫೋನು ಮಾಡುತ್ತಾನೆ ಎಂಬುದೂ ಗೊತ್ತು. ಅವಳ ಪ್ರತಿ ಮಾತಿಗೂ ಈಗ ಬಂತು, ಈಗ ಬಂತು ಎಂದು ಕಾದೆ. ಬರಲಿಲ್ಲ. ಅವಳ ಭೀಷ್ಮ ಪ್ರತಿಜ್ಞೆಯ ಬಗ್ಗೆ ಮಾತಾಡಿದ, ತಂದೆಯ ಬಗ್ಗೆ ಮಾತಾಡಿದ, ತಾನು ಮಾಡಿದ್ದು ತಪ್ಪೆಂದು ಗೊತ್ತಿದ್ದೂ ಹಿಂದೆ ಹೋಗಲಾರದವನ ಸಂಕಟದ ಬಗ್ಗೆ ಮಾತಾಡಿದ. ನಾನು 2019ರಲ್ಲಿ ಹೇಳಬೇಕಾಗಿದ್ದ ಭೀಷ್ಮ ಅದು. ಚಪ್ಪಾಳೆ ಹೆಚ್ಚೇನೂ ಬೀಳಲಿಲ್ಲ.

ಕೂಟ ಮುಗಿದು ಊಟಕ್ಕೆ ಕೂತಾಗ ಅವಳು ನನ್ನ ಪಕ್ಕದಲ್ಲೇ ಕೂತಳು. ಎಲೆಗೆ ಪತ್ರೊಡೆ ಬಿತ್ತು. “ಅಂಬೆಗೆ ಇನ್ನೂ ಸ್ವಲ್ಪ ಸಿಟ್ಟು ಬೇಕಿತ್ತು ಅಕ್ಕ,” ಎಂದಳು, “ಮುಂದಿನ ಸಲ ನನ್ನನ್ನು ಸರಿಯಾಗಿ ಬೈಯಿರಿ.”