ಅಪ್ಪಣೆಯ ಕಾಗದ, ನಂಬಿಕೆಯ ಬಟ್ಟೆ

ಅಪ್ಪಣೆ ಹೊರಡಿಸಿ ನಂಬಿಕೆಯನ್ನು ಹುಟ್ಟಿಸಬಹುದೇ? ಕೊರಿಯಾದ ಜೊಸೊನ್ ರಾಜ್ಯದಲ್ಲಿ ಆರುನೂರು ವರ್ಷಗಳ ಹಿಂದೆ ಈ ಪ್ರಶ್ನೆ ಸಂತೆಯಲ್ಲೇ ಎದ್ದಿತ್ತು.

1402ರಲ್ಲಿ ದೊರೆ ಥೇಜೊಂಗ್ 'ಜೊಹ್ವಾ' ಎಂಬ ಕಾಗದದ ಹಣವನ್ನು ಚಲಾವಣೆಗೆ ತಂದ. ಹಿಪ್ಪುನೇರಳೆಯ ಬಳಗಕ್ಕೆ ಸೇರಿದ ಮರವೊಂದರ ತೊಗಟೆಯಿಂದ ಮಾಡಿದ ಕಾಗದವದು. ಹೆಸರೂ ಆ ಮರದಿಂದಲೇ ಬಂದದ್ದು. ಒಂದು ನೋಟಿಗೆ ಒಂದು ಥಾನು ನಾರುಬಟ್ಟೆ, ಇಲ್ಲವೇ ಎರಡು ಮಾಲ್, ಎಂದರೆ 20 ದ್ವೆ ಅಕ್ಕಿ ಸಮ ಎಂದು ಅರಮನೆ ಗೊತ್ತುಮಾಡಿತು. ಜನ ಒಪ್ಪಲಿಲ್ಲ. ಮರುವರ್ಷವೇ ನೋಟು ನಿಂತಿತು. 1410ರಲ್ಲಿ ಮತ್ತೆ ಬಂತು. ಈ ಸಲ ಬಟ್ಟೆಯನ್ನು ಹಣವಾಗಿ ಬಳಸುವವರಿಗೆ ಶಿಕ್ಷೆಯ ಭಯವೂ ಜೊತೆಗಿತ್ತು.

ಬಟ್ಟೆಯನ್ನು ಉಡಬಹುದು, ಅಕ್ಕಿಯನ್ನು ಉಣ್ಣಬಹುದು, ಕಾಗದದಿಂದೇನು ಪ್ರಯೋಜನ ಎಂದು ಜನ ಬೇಡವೆಂದರು ಎನ್ನುವುದು ಸುಲಭದ ವಿವರಣೆ. ಆದರೆ ಹಣವಾಗಿ ಕೈ ಬದಲಾಯಿಸುತ್ತಿದ್ದ ಬಟ್ಟೆಯಲ್ಲಿ ಉಡಲು ಬಾರದ ಜಾಳು ನೇಯ್ಗೆಯದೂ ಸಾಕಷ್ಟಿತ್ತು. ಆ ಬಟ್ಟೆಯೂ ಒಂದು ಸಂಕೇತವೇ. ಹಾಗಾಗಿ ಜನ ಸಂಕೇತವನ್ನು ತಿರಸ್ಕರಿಸಿದರು ಎನ್ನಲಾಗದು. ಬಟ್ಟೆಯ ಬೆಲೆ ಕೊಡುಕೊಳ್ಳುವಿಕೆಯಲ್ಲಿ ಬೆಳೆದು ಬಂದದ್ದು. ಎಷ್ಟೇ ಜಾಳಾದರೂ ಅದನ್ನು ಯಾರಾದರೂ ನೇಯಲೇಬೇಕು. ನೋಟಿನ ಬೆಲೆ ಮೇಲಿನಿಂದ ಇಳಿದದ್ದು. ಎಷ್ಟು ಅಚ್ಚುಹಾಕಬೇಕೆಂಬುದು ಅರಮನೆಯ ಮರ್ಜಿ.

ದೊರೆಯ ಉದ್ದೇಶ ಕೆಟ್ಟದ್ದಾಗಿರಬೇಕಿಲ್ಲ. ಉಡಲಾಗದ ಬಟ್ಟೆಯನ್ನು ನೇಯುವುದು ಶ್ರಮದ ಪೋಲೇ ಸರಿ. ಆದರೆ ಒಳ್ಳೆಯ ಉದ್ದೇಶವಿದೆಯೆಂದು ಇನ್ನೊಬ್ಬರ ನಂಬಿಕೆಯನ್ನು ಬಲವಂತದಿಂದ ಪಡೆಯಬಹುದೇ? ದಂಡದಂಥ ಕೆಲವು ಬಾಬ್ತುಗಳನ್ನು ಅರಮನೆ ನೋಟಿನಲ್ಲಿ ಪಡೆದದ್ದುಂಟು. ಭೂಕಂದಾಯವನ್ನು ಮಾತ್ರ ಮುಖ್ಯವಾಗಿ ಧಾನ್ಯದಲ್ಲೇ ವಸೂಲಿ ಮಾಡುತ್ತಿತ್ತು. ತನ್ನ ಕಣಜಕ್ಕೆ ಅಕ್ಕಿ, ರೈತನ ಕೈಗೆ ಕಾಗದ! ನಂಬಿಕೆ ಕೇಳುವವನು ಮೊದಲು ತನ್ನನ್ನು ಕಟ್ಟಿಹಾಕಿಕೊಳ್ಳಬೇಕು. ಹಾಗೆ ಮಾಡದಿದ್ದರೆ ಅವನು ಕೇಳುತ್ತಿರುವುದು ನಂಬಿಕೆಯನ್ನಲ್ಲ, ವಿಧೇಯತೆಯನ್ನು. ವಿಧೇಯತೆಯನ್ನು ಶಿಕ್ಷೆಯಿಂದ ಪಡೆಯಬಹುದು. ನಾಳೆಯೂ ಈ ಕಾಗದಕ್ಕೆ ಅಕ್ಕಿ ಸಿಗುತ್ತದೆ ಎಂಬ ನೆಮ್ಮದಿಯನ್ನು ಪಡೆಯಲಾಗದು.

ಮುಂದೆ ಸೆಜೊಂಗ್ ದೊರೆ ತಾಮ್ರದ ನಾಣ್ಯ ತಂದ, ಅದೂ ನೆಲೆಯೂರಲಿಲ್ಲ. 1485ರಲ್ಲಿ ಜಾರಿಗೆ ಬಂದ ರಾಜ್ಯದ ಕಾನೂನು ಸಂಹಿತೆ ನೋಟಿನ ಪಕ್ಕದಲ್ಲೇ ಬಟ್ಟೆಯನ್ನೂ ಹಣವೆಂದು ಒಪ್ಪಿಕೊಂಡಿತು. ಅದರಲ್ಲಿ ಒಂದು ನೋಟಿಗೆ ಬರೆದ ಬೆಲೆ ಒಂದು ದ್ವೆ ಅಕ್ಕಿ. ಸಂತೆಯ ಜನರನ್ನು ಅವಿಧೇಯರು ಎನ್ನುವ ಮೊದಲು ಈ ಲೆಕ್ಕ ನೋಡಬೇಕು: 1402ರ ಮಾತನ್ನು ನಂಬಿ ನೋಟನ್ನು ಪೆಟ್ಟಿಗೆಯಲ್ಲಿ ಕಾಪಿಟ್ಟ ಮನೆಯ ಮೊಮ್ಮಕ್ಕಳ ಪಾಲಿಗೆ ಉಳಿದದ್ದು ಇಪ್ಪತ್ತರಲ್ಲಿ ಒಂದು.