ಒಡೆತನವೂ ದಯೆಯೂ

ಒಬ್ಬ ಮನುಷ್ಯನ ದುಡಿಮೆಯ ಮೇಲೆ ಇನ್ನೊಬ್ಬನು ಅಧಿಕಾರ ನಡೆಸುವುದು ಯಾವಾಗ ಧರ್ಮವೆನಿಸೀತು ಎಂಬ ಪ್ರಶ್ನೆಗೆ ನಮ್ಮ ಸಜ್ಜನರು ಸಾಮಾನ್ಯವಾಗಿ ಕೊಡುವ ಉತ್ತರ ದಯೆ. ಆಳುಗಳ ಕಷ್ಟಸುಖವನ್ನು ವಿಚಾರಿಸಿ, ಮದುವೆಗೆ ಮುಯ್ಯಿಯನ್ನೂ ಕಾಯಿಲೆಗೆ ಔಷಧವನ್ನೂ ಕೊಡುವ ಯಜಮಾನನ ಒಡೆತನಕ್ಕೆ ಕಳಂಕವಿಲ್ಲವೆಂಬುದು ಅವರ ಭಾವನೆ. ಸಕಲೇಶಪುರ, ಆಲೂರುಗಳ ಗುಡ್ಡಸಾಲಿನ ಕಾಫಿ ತೋಟಗಳ ಪೂರ್ವವೃತ್ತಾಂತವನ್ನು ಬಲ್ಲವನಿಗೆ ಈ ಉತ್ತರದಲ್ಲಿ ಅಷ್ಟು ಸುಲಭವಾಗಿ ಸಮಾಧಾನ ದೊರೆಯಲಾರದು.

ಮಂಜರಾಬಾದೆಂದು ಕರೆಯಲ್ಪಡುತ್ತಿದ್ದ ಈ ಸೀಮೆಯಲ್ಲಿ, ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ರಾಬರ್ಟ್ ಎಲಿಯಟ್ಟನಂಥ ಯುರೋಪಿಯನ್ ದೊರೆಗಳು ಬಂದು ಕಾಫಿಯ ವ್ಯವಸಾಯವನ್ನು ವಿಸ್ತರಿಸಿದ ಮೇಲೆ, ದೂರದಿಂದ ಆಳುಗಳನ್ನು ಕರೆತರುವುದಕ್ಕಾಗಿ ಮೇಸ್ತ್ರಿಯ ಕೈಗೆ ಮುಂಗಡ ಕೊಡುವ ಪದ್ಧತಿ ಬೇರೂರಿತು. ಮೇಲುನೋಟಕ್ಕೆ ಅದು ಉಪಕಾರವೇ ಸರಿ. ಮನೆಯಲ್ಲಿ ಅಕ್ಕಿ ಮುಗಿದ ಹೊತ್ತಿನಲ್ಲಿ ಕೈಸೇರಿದ ಹಣವನ್ನು ಯಾರು ತಾನೆ ಅಪಕಾರವೆಂದಾರು? ಆದರೆ ಬ್ರಿಟಿಷ್ ಇಂಡಿಯಾದ 1859ರ ಕಾಯಿದೆಯೊಂದು, ಮುಂಗಡ ಪಡೆದು ಕೆಲಸ ತೊರೆದವನನ್ನು ಸೆರೆಮನೆಗೆ ಅಟ್ಟಲು ಅವಕಾಶವಿತ್ತಿತು. ಅದನ್ನು ರದ್ದುಗೊಳಿಸುವ ಶಾಸನ ಬಂದುದು 1925ರಲ್ಲಿ. ಬೇಡವೆನ್ನಲಾರದವನಿಗೆ ತೋರಿದ ದಯೆಯಲ್ಲಿ ಒಡೆಯನ ಪುಣ್ಯವೆಷ್ಟು, ಲಾಭವೆಷ್ಟು ಎಂದು ಬೇರ್ಪಡಿಸುವುದು ಕಷ್ಟ.

1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆಯು ಲೈನ್ ಮನೆ, ಕುಡಿಯುವ ನೀರು, ಚಿಕಿತ್ಸೆ, ಹೆಚ್ಚು ಹೆಂಗಸರು ದುಡಿಯುವ ತೋಟಗಳಲ್ಲಿ ಕೂಸುಗಳಿಗೊಂದು ಶಿಶುವಿಹಾರ, ಇವನ್ನೆಲ್ಲ ಸಾಹುಕಾರನ ಕೃಪೆಯ ಪಟ್ಟಿಯಿಂದ ತೆಗೆದು ಕರ್ತವ್ಯದ ಪಟ್ಟಿಗೆ ಸೇರಿಸಿತು. ಇದರಿಂದ ಹಿಂದಿನ ಆತ್ಮೀಯತೆ ಅಳಿಯಿತೆಂದು ಕೊರಗುವವರಿದ್ದಾರೆ. ಕೃತಜ್ಞತೆಯ ಭಾರ ಇಳಿದ ಮೇಲೂ ಉಳಿಯದಂಥ ಆತ್ಮೀಯತೆ ಅಳಿದರೆ ನನಗೇನೂ ವ್ಯಸನವಿಲ್ಲ.

ಶ್ರೇಷ್ಠನ ಆಚರಣೆಯನ್ನೇ ಜನರು ಅನುಸರಿಸುವರಾದ ಕಾರಣ ಲೋಕಸಂಗ್ರಹಕ್ಕಾಗಿಯಾದರೂ ಅವನು ಕರ್ಮವನ್ನು ಬಿಡತಕ್ಕದ್ದಲ್ಲವೆಂದು ಗೀತೆಯ ಮೂರನೆಯ ಅಧ್ಯಾಯ ವಿಧಿಸುತ್ತದೆ. ಉದಾತ್ತವಾದ ಮಾತು; ಆದರೆ ಕುಯ್ಲಿನ ಆಳಿಗೆ ಸಾಹುಕಾರನ ಆಚರಣೆ ಕಣ್ಣಿಗೆ ಬೀಳುವುದಾದರೂ ಎಲ್ಲಿ? ಸಂಜೆ ಹಣ್ಣಿನ ಚೀಲವನ್ನು ಹೊತ್ತು ತಂದಾಗ ತಕ್ಕಡಿಯ ಪಕ್ಕದಲ್ಲಿ ನಿಂತಿರುವವನು ರೈಟರು. ಅವನು ಮುಳ್ಳನ್ನು ನಿಲ್ಲಗೊಟ್ಟು ಓದುವನೇ, ಚೀಲದ ತೂಕವೆಂದು ಎಷ್ಟು ಕಳೆಯುವನು, ಬರೆದ ಅಂಕಿಯನ್ನು ಗಟ್ಟಿಯಾಗಿ ಹೇಳುವನೇ ಎಂಬುದರಲ್ಲಿ ತೋಟದ ಧರ್ಮಶಾಸ್ತ್ರವೆಲ್ಲ ಅಡಗಿದೆ.

ಕಲ್ಯಾಣದ ಶರಣರ ಕಥೆಗಳಲ್ಲಿ ಈ ಪ್ರಶ್ನೆಗೆ ಇನ್ನೂ ಹತ್ತಿರವಾದುದೊಂದುಂಟು. ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಕಾಯಕವಾಗಿದ್ದ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚಾಗಿ ತಂದಾಗ, ಅವನ ಸತಿ ಲಕ್ಕಮ್ಮ ಹೆಚ್ಚಿನದನ್ನು ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದಳು. ಇದನ್ನು ಬಡವನಿಗೆ ಅಲ್ಪತೃಪ್ತಿಯ ಪಾಠವೆಂದು ಹೇಳುವ ವಾಡಿಕೆ. ಉಳ್ಳವರಿಗೆ ಅನುಕೂಲವಾದ ವಾಡಿಕೆ. ನನಗೆ ಮಿಗಿಲೆನಿಸುವುದು ಮಾರಯ್ಯನ ವಿನಯಕ್ಕಿಂತಲೂ ಆ ಮನೆಯಲ್ಲಿ ಹಾಗೆ ಹೇಳುವ ಬಾಯೊಂದು ಇದ್ದುದು, ಹೇಳಿದ ಮೇಲೆ ಮಾತು ನಡೆದುದು. ಯಜಮಾನನ ಸದ್ಗುಣವು ಅವನೊಬ್ಬನ ಅಂತಃಕರಣದ ಸೊತ್ತಾಗಿರುವ ತನಕ ಅವನ ಮನಸ್ಸು ಕೆಟ್ಟ ದಿನ ಅದೂ ಕೆಡುವುದು. ತಿರುಗಿ ಸುರಿದು ಬಾ ಎನ್ನಬಲ್ಲವರು ಕೈಕೆಳಗೆ ಇರುವಲ್ಲಿ ಮಾತ್ರ ಅದಕ್ಕೆ ಸ್ಥಿರತೆ.

ಈಗಿನ ಪರೀಕ್ಷೆ ಬೆಳಗಿನ ಹೊತ್ತಿನದು. ಕಾಡಾನೆಗಳು ತೋಟದಲ್ಲೇ ಬೀಡುಬಿಟ್ಟಿವೆಯೆಂದು ಅರಣ್ಯ ಇಲಾಖೆಯ ಸಂದೇಶ ಮೊಬೈಲಿಗೆ ಬಂದಿರುತ್ತದೆ. ಈ ಎರಡು ತಾಲ್ಲೂಕುಗಳಲ್ಲಿ ಕೆಲಸಕ್ಕೆ ಹೊರಟವರು ಆನೆಯ ತುಳಿತಕ್ಕೆ ಸಿಕ್ಕಿ ಸತ್ತಿರುವುದು ಯಾರಿಗೂ ಹೊಸ ವಿಷಯವಲ್ಲ. ಹಣ್ಣು ಉದುರುತ್ತಿದೆ, ಮಳೆಯ ಮೋಡವಿದೆ, ಆ ಬ್ಲಾಕಿಗೆ ಆಳುಗಳನ್ನು ಕಳಿಸಬೇಕೇ ಬೇಡವೇ? ಬೇಡವೆನ್ನುವ ಸಾಹುಕಾರರು ಇಲ್ಲದೆ ಇಲ್ಲ. ಆದರೆ ಆ ದಿನದ ಕೂಲಿ ಹಾಜರಿ ಪುಸ್ತಕದಲ್ಲಿ ಏರುವುದೋ ಇಲ್ಲವೋ ಎಂಬುದನ್ನು ಕೇಳದೆ ಅವರ ವಿವೇಕವನ್ನು ಹೊಗಳಲಾರೆ. ಅಪಾಯವನ್ನು ತಪ್ಪಿಸಿದ ವೆಚ್ಚವನ್ನೂ ಆಳೇ ತೆರುವುದಾದರೆ, ನಾಳೆ ಆನೆಯ ಸುದ್ದಿಯನ್ನು ಅಡಗಿಸುವವನು ಆಳೇ ಆಗುತ್ತಾನೆ. ಇನ್ನು ಅಸ್ಸಾಮಿನಿಂದ ಕುಯ್ಲಿಗೆ ಬಂದಿರುವವರಿಗಾದರೋ, ಇಂದು ಆ ಕಡೆಗೆ ಹೋಗೆವು ಎಂದು ಹೇಳುವುದಕ್ಕೆ ಇಲ್ಲಿಯ ಭಾಷೆಯೂ ಇಲ್ಲ, ಮೇಸ್ತ್ರಿಗೆ ಬರುವ ಹರಕು ಹಿಂದಿಯೇ ಆಧಾರ. ಆ ಮಾತನ್ನು ಅವರಿಂದ ಕೇಳಿ ತಿಳಿಯುವ ಹೊಣೆ ಪೂರ್ತಿಯಾಗಿ ಸಾಹುಕಾರನದು.