ಕಡಲಂಚಿನ ಜಗಲಿ

ಅನ್ಯಾಯದ ಕೈ ಕಟ್ಟಿಸಿದ ಚೆಲುವನ್ನು ನಾವು ನಿಶ್ಚಿಂತೆಯಿಂದ ಅನುಭವಿಸಬಹುದೇ? ಪ್ರಶ್ನೆ ಹಳೆಯದು. ದೊಡ್ಡ ಅರಮನೆಯ ಮುಂದೆಯೋ ಕೋಟೆಯ ಮುಂದೆಯೋ ನಿಂತಾಗ ಅದು ಎಲ್ಲರ ಮನಸ್ಸಿನಲ್ಲಿಯೂ ಒಮ್ಮೆ ಸುಳಿಯುತ್ತದೆ. ಆದರೆ ಅರಮನೆಯನ್ನು ನಾವು ನೋಡಿ ಬರುತ್ತೇವೆ, ಅಷ್ಟೆ. ದಿನವೂ ಸಂಜೆ ತಿರುಗಾಡುವ ಜಾಗವೇ ಅಂಥದಾದರೆ ಏನು ಮಾಡಬೇಕು? ಇಟಲಿಯ ಲಿವೋರ್ನೊ ಎಂಬ ಬಂದರು ಪಟ್ಟಣದಲ್ಲಿ ಎರಡು ಸಂಜೆಗಳನ್ನು ಕಳೆದಾಗ ಈ ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಿತು.

ಅಲ್ಲಿ ಕಡಲಿಗೆ ಒತ್ತಿಕೊಂಡಂತೆ ಒಂದು ವಿಶಾಲವಾದ ವಿಹಾರಸ್ಥಾನವುಂಟು. ಹೆಸರು ತೆರ್ರಾತ್ಸಾ ಮಸ್ಕಾನ್ಯಿ. ಮಸ್ಕಾನ್ಯಿಯ ಜಗಲಿ ಎಂದರೆ ಅರ್ಥಕ್ಕೆ ಮೋಸವಾಗದು. ನೆಲಕ್ಕೆಲ್ಲ ಚದುರಂಗದ ಮಣೆಯಂತೆ ಕಪ್ಪು ಬಿಳಿಯ ಚೌಕಗಳು. ಸುಮಾರು 34,800 ಬಿಲ್ಲೆಗಳೆಂದು ಲೆಕ್ಕ. ಕಡಲ ಕಡೆಗೆ ಬಾಗಿ ಬಳುಕಿ ಸಾಗುವ ಕಟಕಟೆ, ಅದಕ್ಕೆ ಸಾವಿರಾರು ಗಿಡ್ಡ ಕಂಬಗಳು. ನಡುವೆ ವಾದ್ಯಗಾರರಿಗೆಂದು ದುಂಡನೆಯ ಮಂಟಪ. ಹೊತ್ತಿಳಿಯುತ್ತಲೇ ಊರೆಲ್ಲ ಅಲ್ಲಿಗೆ ಬರುತ್ತದೆ. ಮುದುಕರು ಕೈ ಹಿಂದೆ ಕಟ್ಟಿಕೊಂಡು ನಡೆಯುತ್ತಾರೆ. ಹೆಂಗಸರು ನಿಂತು ಮಾತಿಗೆ ತೊಡಗುತ್ತಾರೆ. ಮಕ್ಕಳು ಕಪ್ಪು ಚೌಕವನ್ನು ತುಳಿಯದೆ ಬಿಳಿಯದರಿಂದ ಬಿಳಿಯದಕ್ಕೆ ಕುಪ್ಪಳಿಸುತ್ತಾರೆ. ಯಾರಿಗೂ ಎಲ್ಲಿಗೂ ಹೋಗುವ ಅವಸರವಿಲ್ಲ.

ಈ ಜಗಲಿ ಹುಟ್ಟಿದ್ದು 1920ರ ದಶಕದಲ್ಲಿ, ಮುಸ್ಸೊಲಿನಿಯ ಆಳ್ವಿಕೆಯಲ್ಲಿ. ನಕ್ಷೆ ಎನ್ರಿಕೊ ಸಾಲ್ವೈಸ್ ಎಂಬ ಎಂಜಿನಿಯರರದು. ಆಗ ಅದಕ್ಕಿಟ್ಟ ಹೆಸರು ಬೇರೆ: ಕೊಸ್ತಾಂಜೊ ಚಾನೊ. ಆತ ಈ ಊರಿನವನೇ. ನೌಕಾಪಡೆಯಲ್ಲಿ ಹೆಸರು ಮಾಡಿ, ಮುಂದೆ ಮುಸ್ಸೊಲಿನಿಯ ಮಂತ್ರಿಯಾದವನು. ಎರಡನೆಯ ಮಹಾಯುದ್ಧದಲ್ಲಿ ಊರಿನ ಮೇಲೆ ಬಾಂಬುಗಳು ಸುರಿದವು; ಮಂಟಪವೂ ಯುದ್ಧಕ್ಕೆ ಆಹುತಿಯಾಗಿ 1990ರ ದಶಕದಲ್ಲಿ ಮತ್ತೆ ಎದ್ದಿತು. ಯುದ್ಧ ಮುಗಿದ ಮೇಲೆ ಜನ ಚಾನೊನ ಹೆಸರನ್ನು ತೆಗೆದು, 1863ರಲ್ಲಿ ಅಲ್ಲಿಯೇ ಹುಟ್ಟಿದ ಸಂಗೀತಕಾರ ಪಿಯೆತ್ರೊ ಮಸ್ಕಾನ್ಯಿಯ ಹೆಸರನ್ನಿಟ್ಟರು. 1890ರಲ್ಲಿ 'ಕವಲ್ಲೇರಿಯಾ ರುಸ್ತಿಕಾನಾ' ಎಂಬ ಗೀತನಾಟಕದಿಂದ ಒಮ್ಮೆಲೇ ಲೋಕಪ್ರಸಿದ್ಧನಾದವನು ಈತ.

ಮಂತ್ರಿ ಹೋದ, ಸಂಗೀತಗಾರ ಬಂದ. ಜಗಲಿ ಮಡಿಯಾಯಿತು ಎನ್ನೋಣವೇ? ಅದೂ ಅಷ್ಟು ಸುಲಭವಲ್ಲ. ಮುಸ್ಸೊಲಿನಿ ಸ್ಥಾಪಿಸಿದ ರಾಜ ಅಕಾಡೆಮಿಯಲ್ಲಿ 1929ರಲ್ಲಿ ಸದಸ್ಯನಾಗಿ ಆ ಸರ್ಕಾರದ ಮನ್ನಣೆಯನ್ನು ಪಡೆದವನೇ ಮಸ್ಕಾನ್ಯಿ. ಹೆಸರು ಬದಲಾಯಿಸಿದ ಮಾತ್ರಕ್ಕೆ ನೆಲದ ಕೊಳೆ ಹೋಗುವುದಿಲ್ಲ. ಅದೇ 1926ರಲ್ಲಿ ಆಂತೋನಿಯೊ ಗ್ರಾಮ್ಶಿಯನ್ನು ಹಿಡಿದು ಸೆರೆಗೆ ಹಾಕಿದರು. ಐದು ವರ್ಷ ಹಿಂದೆ, 1921ರಲ್ಲಿ, ಇದೇ ಲಿವೋರ್ನೊದಲ್ಲಿ ಇಟಲಿಯ ಕಮ್ಯುನಿಸ್ಟ್ ಪಕ್ಷ ಹುಟ್ಟಿದಾಗ ಅದರ ಸಂಸ್ಥಾಪಕರಲ್ಲಿ ಅವನೂ ಒಬ್ಬನಾಗಿದ್ದ. ಅವನ ಮತವನ್ನು ನಾವು ಒಪ್ಪಬೇಕಾಗಿಲ್ಲ. ಒಂದು ಸರ್ಕಾರ ಜನರಿಗೆ ತಿರುಗಾಡಲು ಬಯಲನ್ನು ಕೊಟ್ಟ ದಶಕದಲ್ಲಿಯೇ, ಎದುರಾಡಿದವರ ಕಾಲನ್ನು ಕಟ್ಟಿಹಾಕಿತು ಎಂಬುದಷ್ಟೇ ಇಲ್ಲಿ ಮುಖ್ಯ.

ಹಾಗಾದರೆ ಅಲ್ಲಿ ನಡೆಯುವುದೇ ತಪ್ಪೇ? ಈ ನ್ಯಾಯವನ್ನು ಹಿಡಿದು ಹೊರಟರೆ ಕಾಲಿಡಲು ತಾಣವೇ ಉಳಿಯಲಾರದು. ಅದೇ ಊರಿನ ಬಂದರಿನ ಬಳಿ ಮೊದಲನೆಯ ಫೆರ್ದಿನಾಂದೊ ದೊರೆಯ ಪ್ರತಿಮೆಯಿದೆ. 1590ರ ದಶಕದಲ್ಲಿ ಎಲ್ಲ ದೇಶದ, ಎಲ್ಲ ಮತದ ವರ್ತಕರನ್ನೂ ಊರಿಗೆ ಕರೆದು ಶಾಸನ ಹೊರಡಿಸಿದ ಉದಾರಿ ಆತ. ಅವನ ಕಾಲಡಿಯಲ್ಲಿ ಸಂಕೋಲೆ ತೊಟ್ಟ ನಾಲ್ವರು ಗುಲಾಮರನ್ನು ಪಿಯೆತ್ರೊ ತಾಕ್ಕಾ 1620ರ ದಶಕದಲ್ಲಿ ಕಂಚಿನಲ್ಲಿ ಎರಕ ಹೊಯ್ದ. ಶಿಲ್ಪವಾಗಿ ಅದು ಅದ್ಭುತ. ಔದಾರ್ಯವೂ ಸಂಕೋಲೆಯೂ ಅಲ್ಲಿ ಒಂದೇ ಪೀಠದಲ್ಲಿವೆ.

ಇನ್ನೊಂದು ಮಾತೂ ಇದೆ. ಅಧಿಕಾರ ಕಟ್ಟಿಸುವುದು ತನ್ನ ಹಿರಿಮೆಯನ್ನು ಮೆರೆಸುವುದಕ್ಕೆ. ಆದರೆ ಕಟ್ಟಿದ್ದು ಕಟ್ಟಿಸಿದವನ ಮಾತನ್ನು ಬಹುಕಾಲ ಕೇಳುವುದಿಲ್ಲ. ಚೌಕದ ನೆಲದಲ್ಲಿ ಮಂತ್ರಿಗೊಂದು ಕೂಲಿಗೊಂದು ಎಂದು ಬೇರೆ ಬಿಲ್ಲೆಯಿಲ್ಲ. ತಲೆಮಾರುಗಳ ಹೆಜ್ಜೆ ಸವೆದು ಸವೆದು ಆ ಜಗಲಿ ನಡೆಯುವವರದಾಗಿದೆ. ಚೆಲುವು ನಿಜವಾಗಿ ಸಾರ್ವಜನಿಕವಾಗುವುದು ಶಾಸನದಿಂದಲ್ಲ, ಬಳಕೆಯಿಂದ.

ಆದರೂ ಋಣ ಎಂಬುದೊಂದು ಉಳಿಯುತ್ತದೆ. ಅದು ಕಟ್ಟಿಸಿದವನಿಗೆ ಸಲ್ಲಬೇಕಾದದ್ದಲ್ಲ. ಆ ಹೊತ್ತಿನಲ್ಲಿ ಬಾಯಿ ಕಟ್ಟಿಸಿಕೊಂಡವರಿಗೆ. ಆಕಾಶ ತಿಳಿಯಾಗಿದ್ದರೆ ಕಟಕಟೆಯ ಬಳಿ ನಿಂತವರಿಗೆ ದೂರದಲ್ಲಿ ಗೊರ್ಗೊನಾ ದ್ವೀಪ ಕಾಣುತ್ತದೆ. 1869ರಿಂದ ಅದು ಸೆರೆಯಾಳುಗಳ ವಸಾಹತು. ಇಂದಿಗೂ ಅಲ್ಲಿ ಬಂದಿಗಳು ದ್ರಾಕ್ಷಿ ಬೆಳೆಯುತ್ತಾರೆ. ನ್ಯಾಯಾಲಯ ಕಳಿಸಿದ ಅಪರಾಧಿಗಳಿಗೂ ಮತಭೇದಕ್ಕಾಗಿ ಸೆರೆಯಾದವರಿಗೂ ವ್ಯತ್ಯಾಸವುಂಟು, ನಿಜ. ಆದರೆ ಸ್ವಚ್ಛಂದವಾಗಿ ನಡೆಯುವವರ ಕಣ್ಣೆದುರಿಗೇ ನಡೆಯಲಾಗದವರ ದ್ವೀಪವಿರುವುದು ನನಗೆ ಒಳ್ಳೆಯದಾಗಿ ತೋರಿತು. ಅದು ಸಂಜೆಯ ಸುಖವನ್ನು ಕೆಡಿಸುವುದಿಲ್ಲ. ಸುಖಕ್ಕೆ ಬೆಲೆಯಿದೆ ಎಂದು ನೆನಪಿಸುತ್ತದೆ.

ಮಕ್ಕಳು ಕುಪ್ಪಳಿಸಲಿ, ಅವರಿಗೆ ಇದಾವುದೂ ಈಗ ಬೇಡ. ಅವರು ದೊಡ್ಡವರಾದಾಗ ಈ ನೆಲದ ಕಥೆಯನ್ನು ಹೇಳುವವರು ಒಬ್ಬರಿದ್ದರೆ ಋಣದ ಒಂದು ಪಾಲು ತೀರಿದಂತೆ. ಇನ್ನೊಂದು ಪಾಲು ನಮ್ಮೆಲ್ಲರದು. ನಮ್ಮ ಕಾಲದಲ್ಲಿಯೂ ಚೆಲುವಾದದ್ದು ಏಳುತ್ತಿರುತ್ತದೆ. ಅದನ್ನು ಮೆಚ್ಚುವಾಗಲೇ, ಇದಕ್ಕಾಗಿ ಯಾರ ಮಾತನ್ನು ಅಡಗಿಸಿದರು ಎಂದು ಕೇಳುವ ಧೈರ್ಯ ನಮಗಿರಬೇಕು. ನಾವು ಇಂದು ಕೇಳದೆ ಬಿಟ್ಟರೆ, ನೂರು ವರ್ಷ ಕಳೆದ ಮೇಲೆ ಆ ಪ್ರಶ್ನೆಯನ್ನು ಯಾರೋ ದಾರಿಹೋಕ ಕೇಳುತ್ತಾನೆ. ಉತ್ತರ ಕೊಡಬೇಕಾದವರು ಆಗ ಇರುವುದಿಲ್ಲ.